ಗೋರಿಗಳ ಕಡೆಯಿಂದ ಬಂದ ಗಾಳಿ

ಸಂತೆಯಲ್ಲಿ ನಿಲ್ಲಿಸಿದ್ದರೆ ಬುರುಲ್ಚಾಳನ್ನು ಯಾರೂ ಎರಡನೇ ಸಲ ನೋಡುತ್ತಿರಲಿಲ್ಲ: ಬಲಮಂಡಿ ಸೊಟ್ಟ, ಬಾಯಲ್ಲಿ ಆರೇ ಹಲ್ಲು, ನಾಲಿಗೆ ಮಾತ್ರ ಸಾಣೆ ಹಿಡಿದದ್ದು. ನಮ್ಮ ಪಾಮಿರ್ ಕಣಿವೆಯ ಮಣ್ಣಿನ ರನ್‌ವೇಯಿಂದ ಕುದುರೆಗಳನ್ನು ಅಟ್ಟುವುದು, ಗಾಳಿಯ ದಿಕ್ಕು ತೋರಿಸುವ ಬಟ್ಟೆಚೀಲ ಹರಿದರೆ ಹೊಲಿಯುವುದು ಅವಳ ಕೆಲಸ.

ರನ್‌ವೇಯ ಒಂದು ತುದಿಗೆ ಪ್ರಪಾತ, ಇನ್ನೊಂದಕ್ಕೆ ಗೋರಿಗಳು. ಸತ್ತವರ ಕಡೆ ಮುಖಮಾಡಿ ಪ್ರಯಾಣ ಹೊರಡಬಾರದೆಂಬುದು ನಮ್ಮವರ ಕಟ್ಟಳೆ. ಹಾಗಾಗಿ ವಿಮಾನ ಹಾರುತ್ತಿದ್ದುದು ಪ್ರಪಾತದ ಕಡೆಗೇ. ಹಗಲಲ್ಲಿ ಗಾಳಿ ಪ್ರಪಾತದಿಂದ ಮೇಲೇರಿ ಎದುರಿಗೆ ಬರುತ್ತಿದ್ದುದರಿಂದ ಕಟ್ಟಳೆ ಇನ್ನೂ ಯಾರನ್ನೂ ಕೊಂದಿರಲಿಲ್ಲ.

ಆ ದಿನ ಉಣ್ಣೆ ವ್ಯಾಪಾರಿಯೊಬ್ಬನ ಮೂಟೆ ತುಂಬುವುದರಲ್ಲೇ ಹೊತ್ತು ಇಳಿಯಿತು. ರನ್‌ವೇ ಪಕ್ಕದ ಗುಡಿಸಲ ಮರೆಯಲ್ಲಿ ಬಟ್ಟೆಚೀಲ ಸತ್ತವನ ತೋಳಿನಂತೆ ಜೋತುಬಿದ್ದಿತ್ತು. ಕುರಿಗಳ ಸದ್ದಡಗಿತ್ತು. ಬುರುಲ್ಚಾ ಗೋರಿಗಳತ್ತ ತಿರುಗಿದಳು. ಅವಳ ಗಂಡನ ಗೋರಿಯ ಕಂಬಕ್ಕೆ ಕಟ್ಟಿದ ಯಾಕ್ ಬಾಲ ನೆಟ್ಟಗೆ ಚಾಚಿ, ಪ್ರಪಾತದತ್ತ ಬೆರಳು ಮಾಡಿದಂತೆ ನಡುಗುತ್ತಿತ್ತು. ಕಂಬದ ಬುಡದ ಹುಲ್ಲು ಮಾತ್ರ ಮಿಸುಕುತ್ತಿರಲಿಲ್ಲ.

ಅವಳು ಕುಂಟುತ್ತ ಹೋಗಿ ವಿಮಾನದ ಮುಂದೆ ಕೂತಳು.

“ಏಳು ಅಪಾ, ಏಳು ತಾಯಿ, ಕತ್ತಲಾಗುತ್ತೆ. ಚೀಲ ನೋಡು, ಗಾಳಿನೇ ಇಲ್ಲ,” ಎಂದ ಪೈಲಟ್ ತೆಮಿರ್ಕುಲ್.

“ಚೀಲ ಗೋಡೆ ಹಿಂದೆ ನಿದ್ದೆ ಹೊಡೀತಿದೆ. ನನ್ನ ಗಂಡ ಸತ್ತರೂ ಎದ್ದಿದಾನೆ, ಅವನನ್ನ ನೋಡು: ಸಂಜೆ ಗಾಳಿ ತಿರುಗಿದೆ. ಬೆನ್ನಿಗೆ ಗಾಳಿ ಬಿದ್ರೆ ಓಟ ಉದ್ದ ಆಗುತ್ತೆ ಕಂದಾ, ನೆಲ ಉದ್ದ ಆಗಲ್ಲ. ಗೋರಿ ಕಡೆ ತಿರುಗಿಸು.”

“ತೋಬಾ! ಗೋರಿ ಕಡೆಗಾ?” ವ್ಯಾಪಾರಿ ಒಳಗಿನಿಂದ ಕೂಗಿದ. “ಈ ಮುದುಕಿಗೆ ಗಂಡನ ಗೀಳು!”

“ಗೋರಿ ಮೇಲೆ ಹಾರೋಕೆ ಭಯ ಆದ್ರೆ ಪ್ರಪಾತದ ಕಡೆನೇ ಹಾರು, ನಾಳೆ ಗೋರಿ ಒಳಗೇ ಮಲಗ್ತೀಯ. ಹೊದಿಯೋಕೆ ಉಣ್ಣೆ ಹೇಗೂ ನಿಂದೇ ಇದೆ!”

ಅವಳು ನಡುದಾರಿಯಲ್ಲೇ ಬೆರಣಿ ಹೊತ್ತಿಸಿದಳು. ಹೊಗೆ ಆಳೆತ್ತರ ನೆಟ್ಟಗೆ ಏರಿತು. ಆಮೇಲೆ ಯಾರೋ ಜುಟ್ಟು ಹಿಡಿದೆಳೆದಂತೆ ಪ್ರಪಾತದತ್ತ ಓಡಿ, ಅಂಚಿನಲ್ಲಿ ಕೆಳಕ್ಕೆ ಮುಳುಗಿತು.

ತೆಮಿರ್ಕುಲ್ ನಾಲ್ಕು ಮೂಟೆ ಇಳಿಸಿ ವಿಮಾನದ ಮೂತಿ ತಿರುಗಿಸಿದ. ಕಿಟಕಿಗಳಲ್ಲಿ ಕಣ್ಣು ಮುಚ್ಚಿದ ಪ್ರಯಾಣಿಕರ ಮುಖಗಳು ಸಾಲಾಗಿ ಗೋರಿಗಳತ್ತ ಸಾಗಿದವು.

ಮರುದಿನ ಬುರುಲ್ಚಾ ಚಕ್ರದ ಗುರುತಿನುದ್ದಕ್ಕೂ ಹೆಜ್ಜೆ ಎಣಿಸಿದಳು. ಮೂಟೆ ಇಳಿಸಿ, ಗಾಳಿಗೆ ಎದೆಗೊಟ್ಟೂ ವಿಮಾನ ನೆಲ ಬಿಟ್ಟಿದ್ದು ಗೋರಿಗಳಿಗೆ ಇನ್ನು ಮೂವತ್ತೇ ಹೆಜ್ಜೆ ಇದ್ದಾಗ. ಅದೇ ಗಾಳಿ ಬೆನ್ನಿಗಿದ್ದಿದ್ದರೆ? ಅವಳು ಪ್ರಪಾತದ ಕಡೆ ನೋಡಲಿಲ್ಲ. ಕಂಬದ ಬಾಲವನ್ನು ಬಾಚಣಿಗೆಯಿಂದ ಬಾಚಿ, ಮನೆಗೆ ಹೋದಳು.

ಆ ಉಣ್ಣೆ ವ್ಯಾಪಾರಿ ನಾನೇ. ನನ್ನ ಜೀವ ಅವಳ ಋಣ.