ಸೆಂಟಿಗೆ ಸೊಪ್ಪು ಹಾಕದ ಬಾಚಣಿಗೆ ಅಕ್ಕ

ಅಂಗಡಿಯ ಶಟರ್ ಅರ್ಧ ಮಾತ್ರ ಮೇಲೆದ್ದಿದೆ. ಬೀದಿದೀಪ ಇನ್ನೂ ಆರಿಲ್ಲ. ಸಾಕುಪ್ರಾಣಿಗಳ ಸಲೂನಿನ ಹಿಂದಿನ ಕೋಣೆಯಲ್ಲಿ, ಮೋಟುಗಾಲಿನ ಸ್ಟೂಲಿನ ಮೇಲೆ ಕುಳಿತ ಹೆಂಗಸಿನ ಮಡಿಲಲ್ಲಿ ಬಿಳಿಯ ಬೆಕ್ಕೊಂದು ಹರಡಿಕೊಂಡು ಮಲಗಿದೆ. ಅದರ ಹೆಸರು ಹತ್ತಿಮೂಟೆ. ನೋಡಿದವರಿಗೆ ಬೇರೆ ಹೆಸರು ಹೊಳೆಯುವುದೂ ಇಲ್ಲ. ಹೆಂಗಸು ಬಾಚಣಿಗೆಯನ್ನು ಮೊದಲು ಅದರ ಮೂಗಿನ ಮುಂದೆ ಹಿಡಿಯುತ್ತಾರೆ. ಬೆಕ್ಕು ಮೂಸುತ್ತದೆ, ಬಾಚಣಿಗೆಯ ಹಲ್ಲುಗಳಿಗೆ ಕೆನ್ನೆ ಉಜ್ಜುತ್ತದೆ, ಕಣ್ಣನ್ನು ಅರೆ ಮುಚ್ಚುತ್ತದೆ. ಅಪ್ಪಣೆ ಸಿಕ್ಕಂತಾಯಿತು. ಕೆನ್ನೆಯಿಂದ ಕತ್ತಿಗೆ, ಕತ್ತಿನಿಂದ ಬೆನ್ನಿಗೆ ಕೈ ಇಳಿಯುತ್ತದೆ. ಹೊಟ್ಟೆಯ ಸರದಿ ಕೊನೆಗೆ. ಸಿಕ್ಕು ಕಂಡಲ್ಲಿ ಎರಡು ಬೆರಳಿನಿಂದ ಚರ್ಮ ಒತ್ತಿ ಹಿಡಿದು, ತುದಿಯಿಂದ ಬಿಡಿಸುತ್ತ ಬುಡಕ್ಕೆ ಬರುತ್ತಾರೆ.

"ಬುಡದಿಂದ ಎಳೆದ್ರೆ ನಿಮಗೂ ನೋಯುತ್ತೆ, ಅದಕ್ಕೂ ನೋಯುತ್ತೆ. ನೀವಾದ್ರೆ ಅಳ್ತೀರ, ಇದು ಪರಚುತ್ತೆ. ಅಷ್ಟೇ ವ್ಯತ್ಯಾಸ" ಎಂದು, ಅವರ ಕೆಲಸದ ಬಗ್ಗೆ ಬರೆಯಲು ಬಂದ ನನಗೆ ಹೇಳುತ್ತಾರೆ. ಮೊಣಕೈವರೆಗೂ ಹಳೆಯ ಗೀರುಗಳಿವೆ. ಮುಚ್ಚಿಕೊಳ್ಳಲು ತೋಳು ಇಳಿಸುವುದಿಲ್ಲ.

ಬೀದಿಯವರಿಗೆಲ್ಲ ಇವರು ಬಾಚಣಿಗೆ ಅಕ್ಕ. ನಾಯಿಗಳು ಬಂದು ಬೊಗಳುವ ಮೊದಲೇ ಬೆಕ್ಕುಗಳ ಕೆಲಸ ಮುಗಿಯಬೇಕು, ಅದಕ್ಕೇ ಈ ನಸುಕಿನ ದುಡಿಮೆ. ಸಾಮಾನ್ಯ ದಿನ ಆರೇಳು ಬೆಕ್ಕು, ರಜೆಯ ದಿನ ಹತ್ತಕ್ಕೂ ಮೇಲೆ. ಬಾಚಿ ಬಂದ ಕೂದಲನ್ನು ಅವರು ಬೀಸಾಡುವುದಿಲ್ಲ. ಬೆರಳಿಗೆ ಸುತ್ತಿ ಸುತ್ತಿ ಬಿಳಿ ತಟ್ಟೆಯೊಂದರಲ್ಲಿ ಇಡುತ್ತಾರೆ. ಬೆಕ್ಕನ್ನು ಕರೆದೊಯ್ಯಲು ಬಂದವರ ಮುಂದೆ ಆ ತಟ್ಟೆ ಹಿಡಿದು, "ನೋಡಿ, ಇದಿಷ್ಟೂ ಹೊಟ್ಟೆಗೆ ಹೋಗ್ತಿತ್ತು" ಎನ್ನುತ್ತಾರೆ. ಇದು ಅವರೇ ಮಾಡಿಕೊಂಡ ಪದ್ಧತಿ. ಅಂಗಡಿಯ ಯಜಮಾನಿಗೆ ಈ ತಟ್ಟೆ ಕಂಡರಾಗದು. ಅವರ ಪದ್ಧತಿ ಬೇರೆ: ಒಂದು ಸೆಂಟಿನ ಬಾಟಲಿ. ಈ ಎರಡರಲ್ಲಿ ಅಂಗಡಿಯಲ್ಲಿ ಯಾವುದು ಉಳಿಯಬೇಕು, ಈ ಸ್ಟೂಲಿನ ಮೇಲೆ ಅಕ್ಕ ಉಳಿಯಬೇಕೋ ಬೇಡವೋ ಎಂಬುದು ಇವತ್ತು ತೀರ್ಮಾನವಾಗಬೇಕಿದೆ.

ಬೆಕ್ಕಿನ ನಾಲಿಗೆ ಮರಳು ಕಾಗದದ ಹಾಗೆ. ಅದರ ಮುಳ್ಳುಗಳೆಲ್ಲ ಒಳಮುಖವಾಗಿವೆ. ಮೈ ನೆಕ್ಕುವಾಗ ಹತ್ತಿದ ಕೂದಲನ್ನು ಉಗುಳಲು ಬರುವುದಿಲ್ಲ, ನುಂಗಲೇಬೇಕು. ಬಹುಪಾಲು ಮಲದ ಜೊತೆ ಹೋಗುತ್ತದೆ. ಉಳಿದದ್ದು ಹೊಟ್ಟೆಯಲ್ಲಿ ಉಂಡೆ ಕಟ್ಟುತ್ತದೆ. ಆಗ ಬೆಕ್ಕು ನೆಲಕ್ಕೆ ಕುಸಿದು, ಕತ್ತು ಚಾಚಿ, ಪಕ್ಕೆ ಹಿಂಡಿ ಒದ್ದಾಡುತ್ತದೆ. ಕೊನೆಗೆ ಒದ್ದೆ ಬತ್ತಿಯಂಥ ಒಂದು ತುಂಡನ್ನು ಕಕ್ಕುತ್ತದೆ, ಹೆಚ್ಚಾಗಿ ಮನೆಯವರಿಗೆ ಪ್ರಿಯವಾದ ವಸ್ತುವಿನ ಮೇಲೆಯೇ.

ಇದನ್ನೆಲ್ಲ ಅಕ್ಕನಿಗೆ ಹೇಳಿಕೊಟ್ಟವರು ಎದುರು ಸಾಲಿನ ಪಶುವೈದ್ಯೆ. ಅಕ್ಕ ಅವರನ್ನು ಡಾಕ್ಟರಮ್ಮ ಎನ್ನುತ್ತಾರೆ. "ಹೊರಗಿನ ಕೂದಲು ನಂದು, ಒಳಗಿನದು ಡಾಕ್ಟರಮ್ಮಂದು. ಓಕರಿಸ್ತಾನೇ ಇದೆ ಏನೂ ಬರ್ತಿಲ್ಲ, ಊಟ ಬಿಟ್ಟಿದೆ, ಹೊಟ್ಟೆ ಗಟ್ಟಿಯಾಗಿದೆ ಅಂದ್ರೆ ನಾನು ಮುಟ್ಟೋದೇ ಇಲ್ಲ. ಓಡಿ ಅಂತೀನಿ. ಕೆಲವರು ಬಾಯಿ ಕಿಸಿದು ಎಣ್ಣೆ ಹುಯ್ತಾರೆ. ಅದು ಶ್ವಾಸಕ್ಕೆ ಇಳಿದ್ರೆ? ಬೈದು ಕಳಿಸ್ತೀನಿ."

ಬಾಚಣಿಗೆ ಹಿಡಿಯುವ ಮೊದಲು ಅಕ್ಕ ವಿಗ್ ತಯಾರಿಸುವ ಕಾರ್ಖಾನೆಯಲ್ಲಿದ್ದರು. ಹುಡುಗಿಯಾಗಿ ಸೇರಿ, ಮಗನ ಮದುವೆಯಾಗುವವರೆಗೂ ಯಾರ್ಯಾರದೋ ತಲೆಗೂದಲಿನ ಸಿಕ್ಕು ಬಿಡಿಸುವುದೇ ಕೆಲಸ. ಕಿಟಕಿ ತೆರೆದರೆ ಕೂದಲು ಹಾರುತ್ತದೆಂದು ಬೇಸಿಗೆಯಲ್ಲೂ ಮುಚ್ಚಿದ ಕೋಣೆ. ಗಂಡ ತೀರಿಕೊಂಡ ವಾರವೂ ರಜೆ ಸಿಗಲಿಲ್ಲ. ಒಂದು ದಿನ ಕಾರ್ಖಾನೆಯ ಬಾಗಿಲಿಗೆ ಬೀಗ ಬಿತ್ತು. ಈ ಅಂಗಡಿಗೆ ಅವರು ಬಂದದ್ದು ಕಸ ಗುಡಿಸಲು. ಕೂದಲು ಒಣಗಿಸುವ ಯಂತ್ರದ ಸದ್ದಿಗೆ ಹೆದರಿ ಕಪಾಟಿನ ಮೇಲೇರಿದ ಬೆಕ್ಕೊಂದು ಯಾರು ಕರೆದರೂ ಇಳಿಯದೆ, ಪೊರಕೆ ಹಿಡಿದ ಇವರ ಭುಜಕ್ಕೆ ಇಳಿದ ದಿನ ಪೊರಕೆ ಹೋಗಿ ಬಾಚಣಿಗೆ ಬಂತು.

ಮನೆಯಲ್ಲಿ ಸೊಸೆ ಕೆಣಕದೆ ಬಿಡುವುದಿಲ್ಲ. "ಅತ್ತೆ, ಬಂದು ಇಷ್ಟು ವರ್ಷ ಆಯ್ತು, ನನ್ನ ಜಡೆ ಒಂದಿನ ಹಾಕಿದ್ದೀರಾ? ಬೆಕ್ಕಿಗಾದ್ರೆ ದಿನಾ ಸೇವೆ."

"ನೀನು ಕೂದಲು ನುಂಗಲ್ವಲ್ಲಮ್ಮ" ಎನ್ನುತ್ತಾರೆ ಅತ್ತೆ. "ನುಂಗೋಕೆ ಶುರು ಮಾಡು, ನಾಳೆಯಿಂದ್ಲೇ ಕೂರಿಸ್ಕೋತೀನಿ."

ಅಂಗಡಿಯ ಜಗಳದ ಬೇರು ಹತ್ತಿಮೂಟೆಯಲ್ಲೇ ಇದೆ. ಅದು ಮೂಲೆಯ ದರ್ಜಿಯ ಮನೆಯದು. ಕೆಲವು ತಿಂಗಳ ಹಿಂದೆ ಯಜಮಾನಿ ಸೆಂಟಿನ ಬಾಟಲಿ ತಂದರು. ಬಾಚಿದ ಮೇಲೆ ಪ್ರತಿ ಬೆಕ್ಕಿನ ಕತ್ತು, ಬೆನ್ನಿಗೆ ಸಿಂಪಡಿಸಿ, ರಿಬ್ಬನ್ ಕಟ್ಟಿ ಫೋಟೊ ತೆಗೆಯುವ ಏರ್ಪಾಡು. ಗಿರಾಕಿಗಳಿಗೆ ಖುಷಿಯೋ ಖುಷಿ. ಅಕ್ಕನೂ ಎರಡು ಮಾತಿಲ್ಲದೆ ಸಿಂಪಡಿಸಿದರು. ಕೆಲವೇ ವಾರಗಳಲ್ಲಿ ದರ್ಜಿ, ಹೊಸ ಕೋಟೊಂದನ್ನು ಕೈಯಲ್ಲಿ ಹಿಡಿದು ಅಂಗಡಿಗೆ ನುಗ್ಗಿದ.

"ನಿಮ್ಮಲ್ಲಿಗೆ ಕಳಿಸೋಕೆ ಶುರು ಮಾಡಿದ ಮೇಲೇ ಇದರ ವಾಂತಿ ಜಾಸ್ತಿ ಆಗಿರೋದು! ಇದು ಮದುಮಗನ ಕೋಟು. ಇನ್ನೊಂದ್ಸಲ ಹೀಗಾದ್ರೆ ಬೆಕ್ಕನ್ನ ಎಲ್ಲಾದ್ರೂ ದೂರ ಬಿಟ್ಟು ಬರ್ತೀನಿ, ನಮ್ಮಮ್ಮ ಅತ್ತರೂ ಸರಿ."

ಅಕ್ಕನಿಗೆ ಅನ್ನ ಸೇರಲಿಲ್ಲ. ಮುಂದಿನ ಸಲ ಬಾಚಿದ ದಿನ ಸಂಜೆ ದರ್ಜಿಯ ಮನೆಗೆ ಹೋಗಿ, ಹೊಲಿಗೆ ಯಂತ್ರದ ಪಕ್ಕ ಸುಮ್ಮನೆ ಕುಳಿತರು. ಬೆಕ್ಕು ಊಟದ ತಟ್ಟೆಯತ್ತ ಹೋಗಲಿಲ್ಲ, ನಿದ್ದೆ ಮಾಡಲಿಲ್ಲ. ಸೆಂಟು ಬಿದ್ದ ಬೆನ್ನನ್ನು ನೆಕ್ಕಿತು, ಮತ್ತೆ ನೆಕ್ಕಿತು. ತನ್ನ ಮೈಯೇ ತನ್ನದಲ್ಲ ಎಂಬಂತೆ, ತೊಳೆದುಬಿಡಬೇಕು ಎಂಬಂತೆ ನೆಕ್ಕುತ್ತಲೇ ಇತ್ತು. ನೆಕ್ಕಿದಷ್ಟೂ ಕೂದಲು ಒಳಗೆ. ಮರುದಿನ ಡಾಕ್ಟರಮ್ಮನನ್ನು ಕೇಳಿದರೆ ಅವರು ಹೌದೆಂದರು: ಬಾಚಿ ತೆಗೆದ ಲಾಭವನ್ನೆಲ್ಲ ಆ ಬಾಟಲಿ ತಿಂದುಹಾಕುತ್ತಿದೆ.

"ನಾನೇ ಈ ಕೈಯಿಂದ ಹಾಕಿದ್ದು" ಎನ್ನುತ್ತಾರೆ ಅಕ್ಕ. "ಅವತ್ತೇ ಬಾಟಲಿ ಎತ್ತಿ ಕಪಾಟಿನ ಮೇಲಿಟ್ಟೆ. ಹೊಟ್ಟೇಲಿ ಕೂದಲುಂಡೆ, ಜುಟ್ಟಿಗೆ ಮಲ್ಲಿಗೆ! ಇದ್ಯಾವ ಸೀಮೆ ಶೃಂಗಾರ? ಜನಕ್ಕೆ ಚೆಲ್ಲಾಟ, ಬೆಕ್ಕಿಗೆ ಪ್ರಾಣಸಂಕಟ."

ಯಜಮಾನಿ ಕೆಟ್ಟವರಲ್ಲ. ಒಬ್ಬರೇ ನಿಂತು ಕಟ್ಟಿದ ಅಂಗಡಿ ಅವರದು. "ಬಾಚಿದ್ದು ಯಾರ ಕಣ್ಣಿಗೂ ಕಾಣಲ್ಲಮ್ಮ" ಎಂದು ಅವರು ನಿನ್ನೆ ನನಗೆ ವಿವರಿಸಿದ್ದರು. "ಮನೆಗೆ ಹೋದಾಗ ಘಮ್ ಅಂದ್ರೆ ಕೆಲಸ ಆಗಿದೆ ಅಂತ ಗೊತ್ತಾಗುತ್ತೆ. ಇವರು ನೋಡಿದ್ರೆ ತಟ್ಟೇಲಿ ಕೂದಲು ಗುಡ್ಡೆ ಹಾಕಿ ತೋರಿಸ್ತಾರೆ. ಅದನ್ನ ನೋಡಿ ಯಾರು ಫೋಟೊ ತೆಗೀತಾರೆ?" ಹೋದ ವಾರ ಅವರು ಅಕ್ಕನಿಗೆ ನೇರವಾಗಿ ಹೇಳಿದ್ದಾರೆ: ಇವತ್ತಿನಿಂದ ಬಾಟಲಿ ಹಿಡಿಯಬೇಕು, ಇಲ್ಲವೇ ಸ್ಟೂಲು ಬಿಡಬೇಕು.

ಹೊತ್ತು ಮೂಡಿದೆ. ಯಜಮಾನಿ ಬರುತ್ತಾರೆ, ಕಪಾಟಿನಿಂದ ಬಾಟಲಿ ಇಳಿಸಿ ಮೇಜಿನ ಮೇಲೆ ಟಕ್ಕೆಂದು ಇಡುತ್ತಾರೆ. ಹಿಂದೆಯೇ ದರ್ಜಿಯ ತಾಯಿ, ಬೆನ್ನು ಬಾಗಿದ ಅಜ್ಜಿ, ಬುಟ್ಟಿ ಹಿಡಿದು ಬರುತ್ತಾರೆ. ಬಾಟಲಿ ಎತ್ತಿಟ್ಟ ಮೇಲೆ ಹತ್ತಿಮೂಟೆ ಬಂದಿರುವುದು ಇದೇ ಮೊದಲು. ಅಕ್ಕ ಅದನ್ನು ಹಾಗೆಯೇ, ರಿಬ್ಬನ್ನಿಲ್ಲದೆ, ಅವರ ಕೈಗೆ ಕೊಡುತ್ತಾರೆ. ಅಜ್ಜಿ ಅದರ ಕತ್ತಿಗೆ ಮೂಗೊತ್ತಿ ಮುಖ ಸಣ್ಣಗೆ ಮಾಡುತ್ತಾರೆ.

"ಇದೇನಮ್ಮ, ಇವತ್ತು ಘಮಘಮ ಇಲ್ಲ? ಬರೀ ಬೆಕ್ಕಿನ ವಾಸನೆ."

"ಕೇಳಿಸ್ತಾ?" ಎನ್ನುತ್ತಾರೆ ಯಜಮಾನಿ.

"ಬೆಕ್ಕಲ್ವಾ ಅಜ್ಜಿ, ಇನ್ನೇನು ವಾಸನೆ ಬರಬೇಕು?" ಎಂದು ಅಕ್ಕ ತಟ್ಟೆಯನ್ನು ಮುಂದೆ ತಳ್ಳುತ್ತಾರೆ. "ಆ ಘಮಘಮಕ್ಕೇ ಅದು ಮೈಯೆಲ್ಲ ಕೆರೆದು ನೆಕ್ಕಿ ಕೂದಲು ನುಂಗ್ತಿದ್ದಿದ್ದು."

ಅಜ್ಜಿ ತಟ್ಟೆಯ ಬಿಳಿ ರಾಶಿಯನ್ನು ಬೆರಳಿನಿಂದ ಮುಟ್ಟುತ್ತಾರೆ. "ಇನ್ನು ನನ್ನ ಮಗನ ಕೋಟಿಗೆ ಏನೂ ಆಗಲ್ಲ ತಾನೆ?"

"ಕೋಟಿಗೆ ನಾನು ಜವಾಬ್ದಾರಿ ಹೊರಲ್ಲ. ಇಷ್ಟುದ್ದ ಕೂದಲಿನ ಬೆಕ್ಕು, ಆಗೊಮ್ಮೆ ಈಗೊಮ್ಮೆ ಕಕ್ಕುತ್ತೆ. ಬಟ್ಟೇನ ಕಪಾಟಲ್ಲಿಡೋಕೆ ಹೇಳಿ ನಿಮ್ಮ ಮಗನಿಗೆ. ಮನೇಲೂ ದಿನಾ ಬಾಚಿ, ನೀರು ಕುಡಿಸಿ, ಒಂದಿಷ್ಟು ಆಟ ಆಡಿಸಿ."

ಅಜ್ಜಿ ಬೆಕ್ಕನ್ನು ಬುಟ್ಟಿಯಲ್ಲಿಟ್ಟು ಮುಚ್ಚಳ ಹಾಕಿಕೊಂಡು ಹೊರಡುತ್ತಾರೆ. ಒಪ್ಪಿದರೋ ಇಲ್ಲವೋ ಮುಖದಿಂದ ತಿಳಿಯುವುದಿಲ್ಲ. ಅಷ್ಟರಲ್ಲಿ ಮುಂದಿನ ಸರದಿಯ ಹಳದಿ ಪಟ್ಟೆಯ ಬೆಕ್ಕು ತಾನಾಗಿಯೇ ಅಕ್ಕನ ಮಡಿಲಿಗೆ ಹತ್ತಿದೆ. ಬಾಚಣಿಗೆ ಅದರ ಕೆನ್ನೆ ದಾಟಿ ಬೆನ್ನಿಗೆ ಬಂದಿದೆ.

"ಇದಕ್ಕಾದ್ರೂ ಹಾಕ್ತೀರೋ ಇಲ್ವೋ?" ಯಜಮಾನಿಯ ದನಿ ಈಗ ಗಟ್ಟಿ.

ಅಕ್ಕ ತಲೆ ಎತ್ತುವುದಿಲ್ಲ. "ಅಂಗಡಿ ನಿಮ್ಮದು, ಬಾಟಲಿ ನಿಮ್ಮದು. ಈ ಮಡಿಲು ನಂದು. ಇಲ್ಲಿಗೆ ಬಂದ ಬೆಕ್ಕಿಗೆ ಹಾಕಲ್ಲ. ಕೆಲಸದಿಂದ ತೆಗೀಬೇಕು ಅಂದ್ರೆ ತೆಗೀರಿ. ಆದ್ರೆ ಇದು ಮುಗೀಲಿ. ಅರ್ಧ ಬಾಚಿದ ಬೆಕ್ಕನ್ನ ಬಿಟ್ಟು ಎದ್ದ ಅಭ್ಯಾಸ ನನಗಿಲ್ಲ."