ದೇವರ ಮನೆಗೆ ಹೋದ ನೀಲಿ ವೈರು

ಬಸವನಗುಡಿಯ ನಮ್ಮ ಮನೆಗೆ ಮಹಡಿ ಕಟ್ಟಿಸಿದಾಗ ಅಡಿಗೆಮನೆಯ ಜೊತೆ ದೇವರ ಮನೆಯೂ ಮೇಲಕ್ಕೆ ಹೋಯಿತು. ವೈರಿಂಗ್ ಮಾಡುವಾಗ ಅತ್ತೆ ಬಾಗಿಲಲ್ಲೇ ನಿಂತು, ದೇವರ ಮನೆಗೆ ಮಾತ್ರ ಕರೆಂಟ್ ಬೇಡ, ಅಲ್ಲಿ ಎಣ್ಣೆ ದೀಪವೇ ಇರಲಿ ಎಂದುಬಿಟ್ಟಿದ್ದರು. ಹಾಗಾಗಿ ಅಲ್ಲಿ ಬಲ್ಬೂ ಇಲ್ಲ, ಪ್ಲಗ್ ಪಾಯಿಂಟೂ ಇಲ್ಲ.

ಕೆಲವು ವರ್ಷಗಳ ಮೇಲೆ ಅತ್ತೆ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡರು. ದೇವರ ದಯೆ, ಆಪರೇಷನ್ ಸಲೀಸಾಗಿ ಆಯಿತು. ಆದರೆ ಮೆಟ್ಟಿಲು ಹತ್ತುವಂತಿರಲಿಲ್ಲ. ಕೆಳಗಿನ ರೂಮಿನಲ್ಲಿ ಮಂಚ ಹಾಕಿದೆವು. ಮಂಗಳಾರತಿ ನೋಡದೆ ಕಾಫಿ ಕೂಡ ಮುಟ್ಟದವರು ಅವರು. ನಾನು ತಟ್ಟೆ ಹಿಡಿದು ಇಳಿದು ಬರುವಷ್ಟರಲ್ಲಿ ಕರ್ಪೂರ ಆರಿರುತ್ತಿತ್ತು.

"ಇದು ಮಸಿ ಕಣೇ, ಆರತಿ ಅಲ್ಲ" ಎಂದು ಮುಖ ತಿರುಗಿಸುತ್ತಿದ್ದರು. ದೇವರನ್ನೇ ಕೆಳಗೆ ತರೋಣವೆಂದರೆ, "ನನ್ನ ಸೊಂಟ ಮುರೀತು ಅಂತ ದೇವರನ್ನ ಇಳಿಸ್ತೀರಾ?" ಎಂದರು. ಊಟ ದಿನೇ ದಿನೇ ಕಡಿಮೆಯಾಯಿತು. ಹೀಗಾದರೆ ಮೂಳೆ ಕೂಡುವುದು ಹೇಗೆ ಎಂದು ಡಾಕ್ಟರು ನನ್ನನ್ನು ಗದರಿದರು.

ನನ್ನ ಮೈದುನನದು ಆಫೀಸುಗಳಿಗೆ ಕಂಪ್ಯೂಟರ್ ಕೇಬಲ್ ಹಾಕಿಸುವ ಕೆಲಸ. ಒಂದು ಭಾನುವಾರ ಪುಟ್ಟ ಕ್ಯಾಮೆರಾ, ಒಂದು ಡಬ್ಬಿ, ನೀಲಿ ಈಥರ್ನೆಟ್ ವೈರು ತಂದ. ಅಮ್ಮನ ಮಂಚದ ಪಕ್ಕ ಹಳೆಯ ಕಂಪ್ಯೂಟರ್ ಇಟ್ಟು, ಮೇಲಿನ ಪೂಜೆಯನ್ನು ಅದರಲ್ಲಿ ತೋರಿಸುತ್ತೇನೆ ಎಂದ.

"ಮೇಲೆ ಪ್ಲಗ್ಗೇ ಇಲ್ವಲ್ಲಪ್ಪ" ಎಂದೆ.

"ಬೇಕಿಲ್ಲ ಅತ್ತಿಗೆ. ಈ ಡಬ್ಬೀನ ಕೆಳಗೇ ಪ್ಲಗ್ಗಿಗೆ ಹಾಕ್ತೀನಿ. ಕ್ಯಾಮೆರಾದ ಕರೆಂಟು ಈ ವೈರಲ್ಲೇ ಮೇಲಕ್ಕೆ ಹೋಗುತ್ತೆ, ಚಿತ್ರ ಇದರಲ್ಲೇ ಕೆಳಗೆ ಬರುತ್ತೆ." ಆಮೇಲೆ ದನಿ ತಗ್ಗಿಸಿ, "ಅಮ್ಮ ಕೇಳಿದ್ರೆ ಬರೀ ಕಂಪ್ಯೂಟರ್ ವೈರು ಅನ್ನಿ" ಎಂದ.

ನನಗೆ ಅದು ಸರಿಬರಲಿಲ್ಲ. ದೇವರನ್ನು ನೋಡುವುದಕ್ಕೆ ಸುಳ್ಳು ಹೇಳುವುದೇ? ನೇರವಾಗಿ ಹೋಗಿ ಹೇಳಿದೆ. "ಅತ್ತೆ, ಆ ವೈರಲ್ಲಿ ಸ್ವಲ್ಪ ಕರೆಂಟ್ ಇರುತ್ತಂತೆ."

ಮೈದುನ ನನ್ನನ್ನು ದುರುಗುಟ್ಟಿ ನೋಡಿದ. ಅತ್ತೆ ಮಗನನ್ನು ಕೇಳಿದರು: "ಅದು ಅಲ್ಲಿ ದೀಪ ಹಚ್ಚುತ್ತೇನೋ?"

"ಇಲ್ಲಮ್ಮ. ಸುಮ್ಮನೆ ನೋಡುತ್ತೆ."

"ನೋಡೋಕೆ ಬರೋರನ್ನ ಬೇಡ ಅನ್ನೋಕಾಗುತ್ತಾ? ಬರಲಿ. ಮಡೀಲಿ ಬರಲಿ."

ನಾನು ಸ್ನಾನ ಮಾಡಿ, ಒದ್ದೆ ಬಟ್ಟೆಯಿಂದ ವೈರನ್ನು ಉದ್ದಕ್ಕೂ ಒರೆಸಿದೆ. "ತುದೀಗೆ ನೀರು ತಾಗಿಸ್ಬೇಡಿ ಅತ್ತಿಗೆ" ಎನ್ನುತ್ತಾ ಮೈದುನ ಹಿಂದೆಯೇ ಬಂದ. ಅವನೂ ಮಿಂದು ಪಂಚೆ ಉಟ್ಟು ಕ್ಯಾಮೆರಾ ಕೂರಿಸಿದ. ನಾನು ಕುಂಕುಮದ ಬಟ್ಟಲು ಎತ್ತಿದ್ದು ನೋಡಿ, "ಕಣ್ಣಿಗೆ ಇಡ್ಬೇಡಿ, ಅಮ್ಮನಿಗೆ ಬರೀ ಕೆಂಪು ಕಾಣುತ್ತೆ" ಎಂದ. ನೆತ್ತಿಗೆ ಇಟ್ಟೆ.

ಮರುದಿನ ಬೆಳಿಗ್ಗೆ ಗಂಟೆ ಬಾರಿಸಿ ಆರತಿ ಎತ್ತಿದ್ದೇ ತಡ, ಕೆಳಗಿನಿಂದ ಕೂಗು ಬಂತು. "ಸ್ವಲ್ಪ ಸರಿಯೇ, ನಿನ್ನ ಬೆನ್ನೇ ಕಾಣ್ತಿದೆ."

ಸರಿದೆ. ಪೂಜೆ ಮುಗಿಸಿ ಇಡ್ಲಿ ತೆಗೆದುಕೊಂಡು ಇಳಿದಾಗ ಅತ್ತೆ ಕಂಪ್ಯೂಟರಿಗೆ ಇನ್ನೂ ಕೈಮುಗಿದುಕೊಂಡೇ ಇದ್ದರು. ತಟ್ಟೆ ಖಾಲಿ ಮಾಡಿ, ಇನ್ನೊಂದು ಹಾಕು ಎಂದು ಮುಂದೆ ಚಾಚಿದರು.

"ಆ ದಾಸವಾಳ ಬಾಡಿದೆ ಕಣೇ" ಎಂದರು, ತಿನ್ನುತ್ತಲೇ. "ನಾಳೆ ನೋಡಿ ಇಡು."