ಬಂಜಿಗೊಂದು ಸೀಟು

ಕೇಳಿ ಗೆಳತಿಯರೇ, ನನಗೆ ನಾಲ್ಕನೇ ತಿಂಗಳು ಶುರುವಾಯಿತು. ವಾಂತಿ ನಿಂತಿದೆ, ಹೊಟ್ಟೆ ಮಾತ್ರ ಇನ್ನೂ ಕಾಣುವುದಿಲ್ಲ. ಇವತ್ತಿನ ಗಲಾಟೆಗೆಲ್ಲ ಅದೇ ಕಾರಣ.

ಅತ್ತೆಯೊಂದಿಗೆ ಕಾರ್ಕಳದಿಂದ ಮಣಿಪಾಲಕ್ಕೆ, ಡಾಕ್ಟರ ಹತ್ತಿರ ಹೊರಟಿದ್ದೆ. ಬಸ್ಸು ತುಂಬಿತ್ತು. ಹೆಂಗಸರ ಸೀಟಿನಲ್ಲಿ ಧಾರವಾಡದ ಕಡೆಯ ಹಿರಿಯರೊಬ್ಬರು ಕೂತಿದ್ದರು. ಅತ್ತೆ ತುಳುವಿನಲ್ಲೇ ಹೇಳಿದರು: "ಎನ್ನ ಮರ್ಮಲ್ ಬಂಜಿನಾಲ್, ಒಂತೆ ಲಕ್ಕ್‌ಲೆ." ಸೊಸೆ ಬಸುರಿ, ಸ್ವಲ್ಪ ಏಳಿ ಎಂದು.

ಅವರು ಏಳಲಿಲ್ಲ, ಮರುಗಿದರು. "ಬಂಜೆ ಅಂತ ಹಿಂಗ ಎಲ್ಲಾರ ಮುಂದ ಅನಬಾರದ್ರೀ ಅಮ್ಮಾ. ಇನ್ನೂ ಸಣ್ಣ ವಯಸ್ಸೈತಿ. ದೇವರು ಕಣ್ಣ ತೆರೀತಾನ."

ಇಡೀ ಬಸ್ಸು ನನ್ನತ್ತ ತಿರುಗಿತು. ಅತ್ತೆ, "ನಿಂತೇ ಹೋಗುವ, ಬಿಡು" ಎಂದರು. ನಾನು ಬಿಡಲಿಲ್ಲ.

"ಬಂಜೆ ಅಲ್ಲ ಮಾರಾಯ್ರೆ, ಬಂಜಿ! ತುಳುವಿನಲ್ಲಿ ಬಂಜಿ ಅಂದ್ರೆ ಹೊಟ್ಟೆ. ನನ್ನ ಹೊಟ್ಟೆಯಲ್ಲಿ ಮಗು ಉಂಟು. ನೀವು ಏಳುವವರೆಗೆ ನಾನು ಇಲ್ಲಿಂದ ಕದಲುವುದಿಲ್ಲ."

ಅವರು ಗಡಬಡಿಸಿ ಎದ್ದರು. "ಹಂಗಾದ್ರ ಆಗಲೇ ಕಣ್ಣ ತೆರದಾನ ಬಿಡ್ರಿ!"

ಮಸ್ಕತ್ತಿನಲ್ಲಿರುವ ಗಂಡನಿಗೆ ಕಳಿಸುವ ಕ್ಯಾಸೆಟ್ಟಿನಲ್ಲಿ ಇದನ್ನು ಹೇಳಲೇಬೇಕು. ಇನ್ನೆರಡು ತಿಂಗಳು ಹೋಗಲಿ, ಈ ಹೊಟ್ಟೆಗೆ ದುಭಾಷಿ ಬೇಕಾಗುವುದಿಲ್ಲ.